ಗುರುತು ಸರಿಯಿದೆ, ಗಾಡಿ ಮಾತ್ರ ಸ್ಟಾರ್ಟ್ ಆಗ್ತಿಲ್ಲ

ಅಮೆರಿಕದಲ್ಲಿ ಹಳೇ ಶೆವ್ರೊಲೆ ಪಿಕಪ್ ಟ್ರಕ್ಕುಗಳನ್ನು ಮನೆ ಮುಂದೆಯೇ ನಿಲ್ಲಿಸಿಕೊಂಡು ರಿಪೇರಿ ಮಾಡಿಕೊಳ್ಳುವವರು ಬಹಳ. ಶನಿವಾರ ಬೆಳಿಗ್ಗೆ ಬಾನೆಟ್ ಎತ್ತಿದರೆ ಭಾನುವಾರ ಸಂಜೆಗೆ ಮುಗಿಯಬೇಕು ಅನ್ನೋ ಲೆಕ್ಕ. ಕೆಲಸವೂ ದೊಡ್ಡದಲ್ಲ. ಇನ್‌ಟೇಕ್ ಮ್ಯಾನಿಫೋಲ್ಡ್ (ಸಿಲಿಂಡರುಗಳಿಗೆ ಗಾಳಿ-ಪೆಟ್ರೋಲ್ ಒಯ್ಯುವ ಕೊಳವೆಗಳ ಭಾಗ) ಹತ್ತಿರ ಎಣ್ಣೆ ಸೋರುತ್ತಿದೆ, ಗ್ಯಾಸ್ಕೆಟ್ ಬದಲಿಸಿದರೆ ಆಯಿತು. ಆದರೆ ಆ 5.7 ಲೀಟರಿನ ವಿ8 ಇಂಜಿನ್‌ನಲ್ಲಿ ಒಂದು ತೊಡಕಿದೆ. ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ಆ ಮ್ಯಾನಿಫೋಲ್ಡನ್ನೇ ತೂರಿಕೊಂಡು ಕೂತಿರುತ್ತದೆ. ಅದನ್ನು ಕೀಳದೆ ಮ್ಯಾನಿಫೋಲ್ಡ್ ಮೇಲೇಳುವುದಿಲ್ಲ. ಸರಿ, ಕಿತ್ತು, ಗ್ಯಾಸ್ಕೆಟ್ ಹಾಕಿ, ಎಲ್ಲ ಜೋಡಿಸಿ ಕೀ ತಿರುಗಿಸಿದರೆ, ಕಾರ್ಬ್ಯುರೇಟರ್ ಬಾಯಿಂದ ‘ಢಂ’ ಅಂತ ಬೆಂಕಿ!

ಪಿಸ್ಟನ್ನುಗಳು ತಿರುಗಿಸುವ ದಂಡ ಕ್ರ್ಯಾಂಕ್. ಅದರ ಮುಂದಿನ ತುದಿಯ ಚಕ್ರ, ಅಂದರೆ ಡ್ಯಾಂಪರ್ ಮೇಲೊಂದು ಗೆರೆ ಇರುತ್ತದೆ. ಅದು ಪಕ್ಕದ ಅಳತೆ ಪಟ್ಟಿಯ ಸೊನ್ನೆಗೆ ಬಂದರೆ ಒಂದನೇ ಪಿಸ್ಟನ್ ತುದಿಯಲ್ಲಿದೆ ಅಂತ. ಆ ಗೆರೆಯನ್ನು ಸೊನ್ನೆಗೆ ತಂದು, ಜೋಪಾನವಾಗಿಯೇ ಡಿಸ್ಟ್ರಿಬ್ಯೂಟರ್ ಇಳಿಸಿದ್ದಾಗಿದೆ. ಹಾಗಾದರೆ ತಪ್ಪಿದ್ದೆಲ್ಲಿ?

ಆ ಗೆರೆ ಹೇಳುವುದು ಅರ್ಧ ಸತ್ಯ. ಇದು ಫೋರ್ ಸ್ಟ್ರೋಕ್ ಇಂಜಿನ್. ಗಾಳಿ-ಪೆಟ್ರೋಲ್ ಒಳಗೆಳೆಯಬೇಕು, ಒತ್ತಬೇಕು, ಉರಿಸಬೇಕು, ಹೊಗೆ ಹೊರಗೆ ತಳ್ಳಬೇಕು. ಇಷ್ಟಾಗುವಷ್ಟರಲ್ಲಿ ಕ್ರ್ಯಾಂಕ್ ಎರಡು ಸುತ್ತು ತಿರುಗಿರುತ್ತದೆ, ಪಿಸ್ಟನ್ ಎರಡು ಸಲ ತುದಿಗೆ ಬಂದಿರುತ್ತದೆ. ಎರಡು ಸಲವೂ ಗೆರೆ ಸೊನ್ನೆಯಲ್ಲೇ! ಡಿಸ್ಟ್ರಿಬ್ಯೂಟರ್ ತಿರುಗುವುದು ವಾಲ್ವ್ ತೆರೆಯುವ ಕ್ಯಾಮ್ ದಂಡದ ಜೊತೆ, ಅಂದರೆ ಎರಡು ಸುತ್ತಿಗೆ ಒಂದೇ ಸುತ್ತು. ಒತ್ತುವ ಸರದಿ ಅಂದುಕೊಂಡು ಹೊಗೆ ತಳ್ಳುವ ಸರದಿಯಲ್ಲಿ ಅದನ್ನು ಇಳಿಸಿದರೆ, ಅದರೊಳಗೆ ತಿರುಗುತ್ತಾ ಕಿಡಿ ಹಂಚುವ ರೋಟರ್ 180 ಡಿಗ್ರಿ ಉಲ್ಟಾ. ಇನ್‌ಟೇಕ್ ವಾಲ್ವ್ ಬಾಯಿ ಬಿಡುವ ಹೊತ್ತಿಗೆ ಕಿಡಿ ಹಾರುತ್ತದೆ. ಮ್ಯಾನಿಫೋಲ್ಡ್ ಒಳಗಿದ್ದ ಪೆಟ್ರೋಲ್ ಹೊತ್ತಿಕೊಳ್ಳುತ್ತದೆ.

ಎರಡರಲ್ಲಿ ಯಾವ ಸರದಿ ಅಂತ ತಿಳಿಯಲು ಬೆರಳು ಸಾಕು. ಮೊದಲು ಬ್ಯಾಟರಿ ವೈರ್ ತೆಗೆದಿಡಿ. ಒಂದನೇ ಸಿಲಿಂಡರಿನ ಪ್ಲಗ್ ಬಿಚ್ಚಿ, ಆ ತೂತಿಗೆ ಬೆರಳು ಒತ್ತಿಕೊಂಡಿರಿ. ಇನ್ನೊಬ್ಬರು ಕ್ರ್ಯಾಂಕ್ ಬೋಲ್ಟಿಗೆ ಸ್ಪ್ಯಾನರ್ ಹಾಕಿ ನಿಧಾನಕ್ಕೆ ತಿರುಗಿಸಲಿ. ಒಂದು ಸುತ್ತಿನಲ್ಲಿ ಬೆರಳಿಗೆ ಏನೂ ಅನ್ನಿಸುವುದಿಲ್ಲ. ಮುಂದಿನ ಸುತ್ತಿನಲ್ಲಿ ಗಾಳಿ ‘ಪುಸ್’ ಅಂತ ಬೆರಳನ್ನು ತಳ್ಳುತ್ತದೆ. ಅದೇ ಒತ್ತುವ ಸರದಿ. ಅಲ್ಲಿಂದ ಗೆರೆಯನ್ನು ಸೊನ್ನೆಗೆ ತರಬೇಕು.

ಇಷ್ಟಕ್ಕೇ ಮುಗಿಯಲಿಲ್ಲ. ಡಿಸ್ಟ್ರಿಬ್ಯೂಟರ್ ಗೇರಿನ ಹಲ್ಲುಗಳು ಓರೆ. ಅದಕ್ಕೇ ಕೆಳಗಿಳಿಯುತ್ತಾ ಇಳಿಯುತ್ತಾ ರೋಟರ್ ತಾನೂ ಒಂದಿಷ್ಟು ತಿರುಗುತ್ತದೆ. ಆ ತಿರುವನ್ನು ಮೊದಲೇ ಲೆಕ್ಕ ಹಿಡಿಯದಿದ್ದರೆ ಒಂದು ಹಲ್ಲು ಆಚೀಚೆ. ಗೇರಿಗೆ ಇರುವುದೇ 13 ಹಲ್ಲು. ಹಾಗಾಗಿ ಒಂದು ಹಲ್ಲು ತಪ್ಪಿದರೆ ರೋಟರಿನಲ್ಲಿ ಸುಮಾರು 28 ಡಿಗ್ರಿ, ಕ್ರ್ಯಾಂಕ್ ಲೆಕ್ಕದಲ್ಲಿ 55!

ಅಷ್ಟು ವ್ಯತ್ಯಾಸಕ್ಕೆ ಇಂಜಿನ್ ಯಾಕೆ ಹೀಗಾಡುತ್ತದೆ? ಪೆಟ್ರೋಲ್ ಒಂದೇ ಸಲಕ್ಕೆ ಸಿಡಿಯುವುದಿಲ್ಲ, ಉರಿಯುತ್ತಾ ಹರಡುತ್ತದೆ. ಅದಕ್ಕೆ ಒಂದೆರಡು ಮಿಲಿಸೆಕೆಂಡಾದರೂ ಬೇಕು. ನಿಮಿಷಕ್ಕೆ 600 ಸುತ್ತು ಇದ್ದಾಗ ಒಂದು ಮಿಲಿಸೆಕೆಂಡಿನಲ್ಲಿ ಕ್ರ್ಯಾಂಕ್ ತಿರುಗುವುದು 3.6 ಡಿಗ್ರಿ. 3000 ಸುತ್ತಿಗೆ ಅದೇ 18 ಡಿಗ್ರಿ. ಅದಕ್ಕೇ ಪಿಸ್ಟನ್ ತುದಿ ತಲುಪುವ ಮುಂಚೆಯೇ ಕಿಡಿ ಹಾರಬೇಕು, ವೇಗ ಜಾಸ್ತಿಯಾದಷ್ಟೂ ಇನ್ನೂ ಮುಂಚೆ. ಹಳೇ ಡಿಸ್ಟ್ರಿಬ್ಯೂಟರಿನಲ್ಲಿ ಈ ಕೆಲಸ ಮಾಡುವುದು ಎರಡು ಸಣ್ಣ ತೂಕದ ಬಿಲ್ಲೆ, ಎರಡು ಸ್ಪ್ರಿಂಗ್. ನನಗಂತೂ ಇದು ಈಗಿನ ಕಂಪ್ಯೂಟರಿಗಿಂತ ಚಂದ ಅನ್ನಿಸುತ್ತದೆ.

ಕಿಡಿ ತಡವಾದರೆ ಶಾಖವೆಲ್ಲ ಸೈಲೆನ್ಸರ್ ಪಾಲು, ಗಾಡಿ ಎಳೆಯುವುದಿಲ್ಲ. ನಮ್ಮ ಭಾಷೆಯಲ್ಲಿ ‘ಪಿಕಪ್ ಇಲ್ಲ’. (ಪಿಕಪ್ಪಿಗೇ ಪಿಕಪ್ ಇಲ್ಲದ ಹಾಗೆ!) ತೀರಾ ಮುಂಚೆಯಾದರೆ ನಾಕಿಂಗ್. ದಿಬ್ಬ ಹತ್ತುವಾಗ ತಗಡಿನ ಡಬ್ಬಿಯಲ್ಲಿ ಹುಣಸೆ ಬೀಜ ಕುಲುಕಿದ ಹಾಗೆ ಕಟಕಟ ಸದ್ದು. ಅದನ್ನು ಕೇಳಿಯೂ ಓಡಿಸುತ್ತಾ ಹೋದರೆ ಪಿಸ್ಟನ್ನಿಗೇ ಏಟು. ನಮ್ಮ ಹಳೇ ಪೆಟ್ರೋಲ್ ಅಂಬಾಸಿಡರ್, ಪದ್ಮಿನಿ ಕಾರುಗಳಲ್ಲೂ ಇದೇ ಕಥೆ. ಡೀಸೆಲ್ ಲಾರಿಯಲ್ಲಿ ಕಿಡಿಯೇ ಇಲ್ಲ. ಅಲ್ಲಿ ಟೈಮಿಂಗ್ ಅಂದರೆ ಡೀಸೆಲ್ ಚಿಮ್ಮುವ ಹೊತ್ತು.

ಹಲ್ಲೂ ಸರಿ, ಸರದಿಯೂ ಸರಿ, ಕಿಡಿ ಹಾರಿದಾಗೆಲ್ಲ ಮಿಂಚುವ ಟೈಮಿಂಗ್ ಲೈಟನ್ನು ಗೆರೆ ಮೇಲೆ ಬಿಟ್ಟು ನೋಡಿದರೆ, ತುದಿಗಿಂತ 10 ಡಿಗ್ರಿ ಮುಂಚೆ ಕಿಡಿ, ಅದೂ ಸರಿ. ಆದರೂ ಕಟಕಟ ನಿಲ್ಲುತ್ತಿಲ್ಲ ಅನ್ನಿ. ಆಗ ಗೆರೆಯನ್ನೇ ಅನುಮಾನಿಸಬೇಕು. ಡ್ಯಾಂಪರ್ ಒಂದೇ ತುಂಡಲ್ಲ. ಒಳಗಿನ ಕಬ್ಬಿಣಕ್ಕೂ ಹೊರಗಿನ ಬಳೆಗೂ ನಡುವೆ ರಬ್ಬರ್ ಇರುತ್ತದೆ. ವರ್ಷಗಟ್ಟಲೆ ಬಿಸಿ, ಎಣ್ಣೆ ತಿಂದ ರಬ್ಬರ್ ಹಿಡಿತ ಬಿಟ್ಟರೆ ಬಳೆ ಜಾರುತ್ತದೆ, ಗೆರೆಯೂ ಅದರ ಜೊತೆಗೇ. 8 ಇಂಚಿನ ಡ್ಯಾಂಪರಿನಲ್ಲಿ ಬರೀ ಒಂದು ಬೆರಳಗಲ ಜಾರಿದರೂ 10 ಡಿಗ್ರಿ ಹೋಯಿತು.

ಇದಕ್ಕೂ ಪರೀಕ್ಷೆ ಇದೆ. ಪ್ಲಗ್ ತೂತಿಗೆ ಪಿಸ್ಟನ್ ತಡೆಯುವ ಉದ್ದನೆ ಬೋಲ್ಟೊಂದನ್ನು ತಿರುಗಿಸಿ ಕೂರಿಸುತ್ತಾರೆ. ಸ್ಟಾರ್ಟರ್ ಮುಟ್ಟುವ ಹಾಗಿಲ್ಲ, ಕೈಯಲ್ಲೇ ಕ್ರ್ಯಾಂಕ್ ತಿರುಗಿಸಬೇಕು. ಪಿಸ್ಟನ್ ಮೆಲ್ಲಗೆ ತಾಗಿ ನಿಂತಲ್ಲಿ ಪಟ್ಟಿಯ ಸೊನ್ನೆಗೆ ನೇರವಾಗಿ ಡ್ಯಾಂಪರ್ ಮೇಲೆ ಒಂದು ಸೀಮೆಸುಣ್ಣದ ಗುರುತು. ಹಿಂದಕ್ಕೆ ತಿರುಗಿಸಿ, ಮತ್ತೆ ತಾಗಿದಲ್ಲಿ ಇನ್ನೊಂದು. ಎರಡರ ನಟ್ಟನಡುವೆ ಇರುವುದೇ ನಿಜವಾದ ಸೊನ್ನೆ. ಹಳೇ ಗೆರೆ ಅಲ್ಲಿಲ್ಲದಿದ್ದರೆ, ಹೊಸ ಡ್ಯಾಂಪರ್ ತರುವುದೇ.