ಕೆಜಿಎಫ್‌ ಸೈನೈಡ್ ಗುಡ್ಡಗಳು: ಚಿನ್ನದ ಲೆಕ್ಕದಲ್ಲಿ ಮಣ್ಣು ಎಲ್ಲಿದೆ?

ಕೆಜಿಎಫ್‌ನಲ್ಲಿ 13 ಸೈನೈಡ್ ಗುಡ್ಡಗಳಿವೆ. ಸಾವಿರ ಎಕರೆಗೂ ಜಾಸ್ತಿ ಜಾಗದಲ್ಲಿ ಗಣಿಯ ಕಲ್ಲು ಅರೆದು ಚಿನ್ನ ತೆಗೆದ ಮೇಲೆ ಉಳಿದ ಸುಮಾರು 3.3 ಕೋಟಿ ಟನ್ ಪುಡಿ ಬಿದ್ದಿದೆ. ಅದರಲ್ಲಿ ಉಳಿದಿರುವ ಚಿನ್ನ ತೆಗೆಯುವ ಕೇಂದ್ರದ ಯೋಜನೆಗೆ 2024ರ ಜೂನ್‌ನಲ್ಲಿ ರಾಜ್ಯ ಸಂಪುಟ ಒಪ್ಪಿತು. ಎಷ್ಟು ಚಿನ್ನ ಸಿಗಬಹುದು ಅಂತ ಎಲ್ಲರೂ ಮಾತಾಡುತ್ತಿದ್ದಾರೆ. ಮಣ್ಣಿನ ಮಾತು ಕಡಿಮೆ.

1880ರಲ್ಲಿ ಗಣಿ ನಡೆಸಲು ಬ್ರಿಟನ್ನಿನ ಜಾನ್ ಟೇಲರ್ ಕಂಪನಿ ಬಂತು, 1956ರಲ್ಲಿ ಗಣಿ ಸರ್ಕಾರದ್ದಾಯಿತು, 2001ರ ಫೆಬ್ರವರಿ 28ಕ್ಕೆ ಮುಚ್ಚಿತು.

ಗುಡ್ಡ ಬೆಳೆದದ್ದು ಸೈನೈಡ್ ವಿಧಾನದಿಂದ. ಅದು 1887ರಲ್ಲಿ ಸ್ಕಾಟ್ಲೆಂಡ್‌ನಲ್ಲಿ ಹುಟ್ಟಿದ್ದು. ಕಲ್ಲನ್ನು ನುಣ್ಣಗೆ ಅರೆದು ಸೈನೈಡ್ ನೀರಿನಲ್ಲಿ ನೆನೆಸಿದರೆ ಚಿನ್ನ ಕರಗುತ್ತದೆ. ಆ ನೀರಿಗೆ ಸತುವು ಹಾಕಿ ಚಿನ್ನ ಬೇರ್ಪಡಿಸುತ್ತಿದ್ದರು. ಟನ್ ಕಲ್ಲಿಗೆ ಸಿಗುತ್ತಿದ್ದದ್ದು ಗ್ರಾಂಗಳ ಲೆಕ್ಕದಲ್ಲಿ. ಉಳಿದದ್ದೆಲ್ಲ ಊರ ಪಕ್ಕ ಬಿತ್ತು.

ಸೈನೈಡ್ ಅಂದರೆ ಭಯ ಸಹಜ. ಆದರೆ ಬಯಲಿಗೆ ಬಿದ್ದ ಸೈನೈಡ್‌ನ ಬಹುಪಾಲು ಬಿಸಿಲು, ಗಾಳಿಗೆ ನಿಧಾನವಾಗಿ ಒಡೆದುಹೋಗುತ್ತದೆ. ಹಾಗೆ ಒಡೆಯದೆ ಉಳಿಯುವುದು ಭಾರಲೋಹಗಳು. ಇನ್ನೂ ದೊಡ್ಡ ತೊಡಕೆಂದರೆ ಈ ಪುಡಿ ಮಣ್ಣೇ ಅಲ್ಲ. ಕೋಲಾರದ ಕೆಂಪು ಮಣ್ಣೂ ಕಲ್ಲಿನಿಂದಲೇ ಆದದ್ದು, ನಿಜ. ಆದರೆ ಮಳೆ, ಬಿಸಿಲು, ಬೇರು, ಎರೆಹುಳು, ಕಣ್ಣಿಗೆ ಕಾಣದ ಜೀವಿಗಳೆಲ್ಲ ಸೇರಿ ಒಂದು ಇಂಚು ಮಣ್ಣು ಮಾಡಲು ನೂರಾರು ವರ್ಷ ಹಿಡಿಯುತ್ತದೆ. ಗಿರಣಿಯಿಂದ ಬಂದ ಪುಡಿಯಲ್ಲಿ ಕೊಳೆತ ಎಲೆಯಿಲ್ಲ, ಸಾರಜನಕ ಇಲ್ಲವೆನ್ನುವಷ್ಟು ಕಡಿಮೆ. ಹುಲ್ಲು ಹೇಗೆ ಹುಟ್ಟೀತು? ಹುಲ್ಲಿಲ್ಲದ ಗುಡ್ಡದಿಂದ ಗಾಳಿಗಾಲದಲ್ಲಿ ದೂಳೆದ್ದು ಮನೆಗಳಿಗೆ ನುಗ್ಗುತ್ತದೆ. ಮಳೆ ಬಂದರೆ ಪುಡಿ ಕೊಚ್ಚಿಕೊಂಡು ಹೋಗುತ್ತದೆ. ಗಣಿ ನಡೆಯುವಾಗ ಸಂಬಳವಾದರೂ ಇತ್ತು. ಮುಚ್ಚಿದ ಮೇಲೆ ಕಾರ್ಮಿಕರ ಕಾಲೊನಿಗಳಿಗೆ ಉಳಿದದ್ದು ಈ ದೂಳು.

ದಾರಿ ಇದೆ. ಇಳಿಜಾರು ತಗ್ಗಿಸಿ, ಮೇಲೆ ಒಳ್ಳೆ ಮಣ್ಣು ಹೊದಿಸಿ, ಗೊಬ್ಬರ ಬೆರೆಸಿ ಲಾವಂಚದಂಥ ಆಳ ಬೇರಿನ ಹುಲ್ಲು ನೆಡಬಹುದು. ಬುಡದ ಸುತ್ತ ಕಾಲುವೆ ತೋಡಿ ನೀರನ್ನು ಅಲ್ಲೇ ತಡೆಯಬಹುದು. ಲೋಹ ಹೀರುವ ಗಿಡಗಳೂ ಇವೆ. ಆದರೆ ಇಷ್ಟು ದೊಡ್ಡ ಗುಡ್ಡಗಳನ್ನು ಅವೇ ಶುದ್ಧ ಮಾಡುತ್ತವೆ ಅನ್ನುವುದು ಸುಮ್ನೆ ಆಸೆ. ಆ ಗಿಡಗಳನ್ನು ದನ ಮೇಯದಂತೆ ಕಾಯಲೂ ಬೇಕು.

ಈಗಿನ ಯೋಜನೆಯಲ್ಲಿ ಪುಡಿಯನ್ನು ಮತ್ತೆ ತೋಡಬೇಕಾಗುತ್ತದೆ. ಚಿನ್ನ ತೆಗೆದ ಮೇಲೂ ಪುಡಿ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ, ಅಲ್ವಾ? ಅದನ್ನು ಎಲ್ಲಿ ಹಾಕಬೇಕು, ಮೇಲೆ ಮಣ್ಣು ಹೊದಿಸುವ ಖರ್ಚು ಯಾರದು, ಎಷ್ಟು ವರ್ಷ ನೋಡಿಕೊಳ್ಳಬೇಕು ಎಂಬುದೆಲ್ಲ ಈ ಕೆಲಸ ವಹಿಸುವ ಹರಾಜಿನ ಷರತ್ತಿನಲ್ಲೇ ಬರಬೇಕು.