ಹಳೆಯ ನಾಣ್ಯಗಳ ಕ್ಷಯ: ಮಣ್ಣು, ತೇವ ಮತ್ತು ಉಪ್ಪು

ಹಳೆಯ ನಾಣ್ಯದ ಮೇಲೆ ಕಾಣುವ ಹಾನಿಯನ್ನು ಓದುವಾಗ ಸವೆತ ಯಾವುದು, ಕ್ಷಯ ಯಾವುದು ಎಂಬುದನ್ನು ಮೊದಲು ಬೇರ್ಪಡಿಸಿಕೊಳ್ಳಬೇಕು. ಚಲಾವಣೆಯಲ್ಲಿ ಕೈಯಿಂದ ಕೈಗೆ ದಾಟಿದ ನಾಣ್ಯದಲ್ಲಿ ಉಬ್ಬಿದ ಭಾಗಗಳು ಮೊದಲು ಸವೆಯುತ್ತವೆ. ಮಣ್ಣಿನ ತೇವ, ಲವಣ ಮತ್ತು ಆಮ್ಲಗಳಿಂದಾಗುವ ಕ್ಷಯಕ್ಕೆ ಆ ಭೇದವಿಲ್ಲ. ಅದು ತಗ್ಗಿನಲ್ಲಿಯೂ ಅಂಚಿನಲ್ಲಿಯೂ ಸಣ್ಣ ಗುಂಡಿಗಳನ್ನು ತೋಡುತ್ತದೆ.

ಟಿಪ್ಪು ಸುಲ್ತಾನನ ಕಾಲದ ಆನೆಯ ಚಿತ್ರವಿರುವ ತಾಮ್ರದ ಪೈಸೆಯನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಬಹುಕಾಲ ನೆಲದಲ್ಲಿದ್ದ ಇಂಥ ನಾಣ್ಯದಲ್ಲಿ ಲೋಹಕ್ಕೆ ಅಂಟಿಕೊಂಡು ಕೆಂಪು ಬಣ್ಣದ ತಾಮ್ರದ ಆಕ್ಸೈಡ್ ಪದರವಿದ್ದು, ಅದರ ಮೇಲೆ ತಾಮ್ರದ ಕಾರ್ಬೊನೇಟಿನ ಹಸಿರು ಕಿಲುಬು ಕೂತಿರುತ್ತದೆ. ಕಿಲುಬು ನಯವಾಗಿ, ಗಟ್ಟಿಯಾಗಿ, ಒಂದೇ ಹದದಲ್ಲಿ ಹರಡಿದ್ದರೆ ಗಾಬರಿಪಡಬೇಕಾಗಿಲ್ಲ. ಅದು ಒಳಗಿನ ಲೋಹವನ್ನು ಕಾಯುತ್ತಿರುತ್ತದೆ. ಅಷ್ಟೇ ಅಲ್ಲ, ಲೋಹದ ಮೂಲ ಮೇಲ್ಮೈ ಕರಗಿ ಹೋಗಿದ್ದರೂ ಅಚ್ಚಿನ ಗೆರೆಗಳು ಅನೇಕ ವೇಳೆ ಈ ಪದರದಲ್ಲಿಯೇ ಉಳಿದಿರುವುದರಿಂದ, ಅದನ್ನು ಕೆರೆದು ತೆಗೆದರೆ ಆನೆಯ ಸೊಂಡಿಲು, ಬಾಲಗಳೂ ಅದರೊಂದಿಗೆ ಹೋಗುತ್ತವೆ. ಪೂಜಾ ಪಾತ್ರೆಗಳಂತೆ ನಾಣ್ಯವನ್ನೂ ಹುಣಸೆಹಣ್ಣಿನಿಂದ ತಿಕ್ಕಿ ಬೆಳಗುವ ನಮ್ಮ ಮನೆಗಳ ಪದ್ಧತಿ ಮಾಡುವ ಹಾನಿ ಇದೇ. ನೂರಾರು ವರ್ಷಗಳ ಮಣ್ಣು ಉಳಿಸಿದ್ದನ್ನು ಹುಣಸೆಯ ಹುಳಿ ಕೆಲವೇ ನಿಮಿಷಗಳಲ್ಲಿ ಕರಗಿಸಿಬಿಡುತ್ತದೆ.

ನಿಜವಾಗಿ ಎಚ್ಚರ ವಹಿಸಬೇಕಾದದ್ದು ತಿಳಿಹಸಿರು ಬಣ್ಣದ, ಮುಟ್ಟಿದರೆ ಉದುರುವ ಪುಡಿಯ ಬಗ್ಗೆ. ಕರಾವಳಿಯ ಅಥವಾ ಉಪ್ಪಿನಂಶವಿರುವ ಮಣ್ಣಿನ ಕ್ಲೋರೈಡು ಲೋಹದೊಳಗೆ ಇಳಿದು ಕ್ಯೂಪ್ರಸ್ ಕ್ಲೋರೈಡ್ ಎಂಬ ತಾಮ್ರದ ಲವಣವಾಗಿ ಅಡಗಿರುತ್ತದೆ. ನಾಣ್ಯ ಹೊರಬಂದು ತೇವವೂ ಆಮ್ಲಜನಕವೂ ತಗುಲಿದೊಡನೆ ಅದು ಪುಡಿಯಾದ ಹಸಿರು ಲವಣವಾಗಿ ಬದಲಾಗುತ್ತದೆ. ಜೊತೆಯಲ್ಲಿಯೇ ಹೈಡ್ರೊಕ್ಲೋರಿಕ್ ಆಮ್ಲ ಹುಟ್ಟುತ್ತದೆ. ಆ ಆಮ್ಲ ಮತ್ತಷ್ಟು ತಾಮ್ರವನ್ನು ತಿಂದು ಹೊಸ ಕ್ಲೋರೈಡನ್ನು ರೂಪಿಸುವುದರಿಂದ, ತೇವ ಸಿಗುತ್ತಿರುವವರೆಗೆ ಈ ಚಕ್ರ ನಿಲ್ಲುವುದಿಲ್ಲ. ಇದನ್ನು ಕಂಚಿನ ರೋಗ ಎಂದು ಕರೆಯುತ್ತಾರಾದರೂ ಇದು ಜೀವಾಣುಗಳಿಂದ ಬರುವುದಲ್ಲ. ಸಾಪೇಕ್ಷ ಆರ್ದ್ರತೆ ಶೇ. 42ರಿಂದ 46ರ ಆಸುಪಾಸನ್ನು ದಾಟಿದರೆ ಕ್ರಿಯೆ ಚುರುಕಾಗುತ್ತದೆ. ಮಳೆಗಾಲದಲ್ಲಿ ಮಂಗಳೂರು, ಕಾರವಾರಗಳಲ್ಲಿ ಅದು ಶೇ. 80ನ್ನು ಮೀರುವುದು ಸಾಮಾನ್ಯ. ಆದ್ದರಿಂದ ಇಂಥ ನಾಣ್ಯವನ್ನು ಉಳಿದವುಗಳಿಂದ ಬೇರೆ ಮಾಡಿ, ಗಾಳಿಯಾಡದ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಜೊತೆಗೆ ಇಡಬೇಕು.

ಸೀಸದ ವಿಷಯ ಬೇರೆ. ಚಿತ್ರದುರ್ಗದ ಬಳಿಯ ಚಂದ್ರವಳ್ಳಿಯಲ್ಲಿ, 1929ರಲ್ಲಿ ಎಂ. ಎಚ್. ಕೃಷ್ಣ ಅವರೂ 1947ರಲ್ಲಿ ಮಾರ್ಟಿಮರ್ ವೀಲರ್ ಅವರೂ ಉತ್ಖನನ ನಡೆಸಿದ ನೆಲೆಯಲ್ಲಿ, ಶಾತವಾಹನರ ಕಾಲದ ಸೀಸದ ನಾಣ್ಯಗಳು ದೊರೆತಿವೆ. ಸೀಸ ಮಣ್ಣಿನಲ್ಲಿ ತಕ್ಕಮಟ್ಟಿಗೆ ಬಾಳುತ್ತದೆ, ಕಪಾಟಿನಲ್ಲಿ ಕೆಡುತ್ತದೆ. ಮರದ ಖಾನೆಗಳಿಂದ ಹೊರಡುವ ಅಸಿಟಿಕ್ ಆಮ್ಲದ ಆವಿ ಸೀಸವನ್ನು ಬಿಳಿ ಕಾರ್ಬೊನೇಟ್ ಪುಡಿಯನ್ನಾಗಿಸುತ್ತದೆ. ಪುಡಿಯ ಗಾತ್ರ ಲೋಹಕ್ಕಿಂತ ಹೆಚ್ಚಾದ್ದರಿಂದ ಮೇಲ್ಮೈ ಉಬ್ಬಿ ಬಿರಿಯುತ್ತದೆ. ಆ ಪುಡಿ ವಿಷವೂ ಹೌದು, ಬರಿಗೈಯಲ್ಲಿ ಮುಟ್ಟಬಾರದು. ಚಿನ್ನದ ವರಾಹಗಳಿಗೆ ಈ ಯಾವ ಕಾಟವೂ ಇಲ್ಲವೆನ್ನಬಹುದು.

ಬೆಳ್ಳಿಯಲ್ಲಿ ಹಾನಿ ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. ಬಿಡಿಬಿಡಿ ಚಿಹ್ನೆಗಳನ್ನು ಒತ್ತಿ ಮಾಡಿದ ಪ್ರಾಚೀನ ಮುದ್ರಾಂಕಿತ ನಾಣ್ಯಗಳ ಬೆಳ್ಳಿಯಲ್ಲಿ ತಾಮ್ರದ ಬೆರಕೆಯಿದ್ದು, ಆ ತಾಮ್ರ ಮಣ್ಣಿನಲ್ಲಿ ಮೊದಲು ಕರಗಿ ಹೊರಬಂದು ಹಸಿರಾಗಿ ಮೆತ್ತಿಕೊಳ್ಳುತ್ತದೆ. ಉಳಿದ ಬೆಳ್ಳಿ ಒಳಗೊಳಗೇ ಟೊಳ್ಳಾಗಿ, ಬಗ್ಗಿಸಿದರೆ ಮುರಿಯುವಷ್ಟು ಪೆಡಸಾಗುತ್ತದೆ. ಈ ನಾಣ್ಯಗಳ ಪ್ರಮಾಣತೂಕ 32 ರತ್ತಿ, ಎಂದರೆ ಸುಮಾರು 3.4 ಗ್ರಾಂ. ತಕ್ಷಶಿಲೆಯ ನಿಧಿಗಳನ್ನು ತೂಗಿ ನೋಡಿದ ಗಣಿತಜ್ಞ, ಇತಿಹಾಸಕಾರ ಡಿ. ಡಿ. ಕೋಸಂಬಿ, ಚಲಾವಣೆಯಲ್ಲಿ ಸವೆದು ಕಡಿಮೆಯಾದ ತೂಕದಿಂದ ನಾಣ್ಯಗಳ ಹಿಂದುಮುಂದಿನ ಕಾಲವನ್ನು ಲೆಕ್ಕಹಾಕುವ ವಿಧಾನವನ್ನು ರೂಪಿಸಿದರು. ಮಣ್ಣು ಕದ್ದ ತೂಕವನ್ನು ಚಲಾವಣೆಯ ಲೆಕ್ಕಕ್ಕೆ ಬರೆದರೆ ಈ ವಿಧಾನ ದಾರಿ ತಪ್ಪುತ್ತದೆ. ಸುಣ್ಣದ ಹೊಪ್ಪಳಿಕೆ ಕಟ್ಟಿದ ನಾಣ್ಯದಲ್ಲಂತೂ ತೂಕ ಹೆಚ್ಚಾಗಿಯೇ ಕಾಣಬಹುದು. ಹೀಗಾಗಿ ತೂಕವನ್ನು ದಾಖಲಿಸುವಾಗ ನಾಣ್ಯ ಯಾವ ಸ್ಥಿತಿಯಲ್ಲಿತ್ತು, ಶುಚಿಗೊಳಿಸುವ ಮೊದಲು ತೂಗಿದ್ದೋ ಆಮೇಲೆ ತೂಗಿದ್ದೋ ಎಂಬುದನ್ನು ಅದೇ ಸಾಲಿನಲ್ಲಿ ಬರೆದಿಡಬೇಕು.