ಬಾಬಿ ಗಾಡಿಯ ಹೊಟ್ಟೆಯೊಳಗಿನ ಜಂಗು

ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತೆಗೆದು ಒಳಗೆ ಟಾರ್ಚ್ ಬಿಟ್ಟಾಗ ಕಂಡದ್ದು ಬೀದರಿನ ನೆಲ. ಅದೇ ಇಟ್ಟಿಗೆಗೆಂಪು, ಬೆರಳಿಗೆ ಹತ್ತುವ ಅದೇ ಹುಡಿ. ಇದು ಬರೀ ಹೋಲಿಕೆಯಲ್ಲ. ನಮ್ಮ ಕೋಟೆಯ ಕಂದಕ ಕಡಿದಿರುವ ಜಂಬಿಟ್ಟಿಗೆಗೆ ಆ ಬಣ್ಣ ಕೊಟ್ಟದ್ದು ಕಬ್ಬಿಣದ ಆಕ್ಸೈಡ್. ಟ್ಯಾಂಕಿನೊಳಗಿನ ಹುಡಿ, ಅಂದರೆ ಜಂಗು (ತುಕ್ಕು), ಅದೂ ಅದೇ ಮನೆತನದ್ದು. ಕಪ್ಪು ಬಸಾಲ್ಟ್ ಶಿಲೆ ಹೀಗೆ ಕೆಂಪಾಗಲು ಲಕ್ಷಾಂತರ ವರ್ಷ ಹಿಡಿಯಿತು. ನನ್ನ ಸೋದರಮಾವನ ಗಾಡಿಗೆ ಹುಮನಾಬಾದ್ ಹತ್ತಿರದ ಹೊಲದ ಕೊಟ್ಟಿಗೆಯಲ್ಲಿ ಕಳೆದ ಇಪ್ಪತ್ತೆರಡು ಮಳೆಗಾಲಗಳೇ ಸಾಕಾದವು.

ಗಾಡಿ ರಾಜದೂತ್ ಜಿಟಿಎಸ್ 175. ಹಾಗೆಂದರೆ ಯಾರಿಗೂ ತಿಳಿಯುವುದಿಲ್ಲ. ‘ಬಾಬಿ ಗಾಡಿ’ ಎಂದರೆ ಐವತ್ತು ದಾಟಿದವರ ಮುಖ ಅರಳುತ್ತದೆ. 1973ರಲ್ಲಿ ರಾಜ್ ಕಪೂರ್ ತೆಗೆದ ‘ಬಾಬಿ’ ಹಿಂದಿ ಚಿತ್ರದಲ್ಲಿ ಓಡಿ ಹೆಸರು ಪಡೆದ ಗಿಡ್ಡ ಬೈಕ್ ಇದು. ದೊಡ್ಡ ರಾಜದೂತಿನ 173 ಸಿಸಿ ಎರಡು ಸ್ಟ್ರೋಕ್ ಎಂಜಿನ್ನನ್ನೇ ಎಸ್ಕಾರ್ಟ್ಸ್ ಕಂಪನಿ ಸಣ್ಣ ಚಕ್ರಗಳ ಮೇಲೆ ಕೂಡಿಸಿತ್ತು. ಎಮ್ಮೆಯ ಗುಂಡಿಗೆಯನ್ನು ಕರುವಿಗೆ ಹಾಕಿದ ಹಾಗೆ.

ಪೆಟ್ರೋಲ್ ತುಂಬಿಡುವ ಡಬ್ಬಿಗೆ ನೀರು ಬರುವುದಾದರೂ ಎಲ್ಲಿಂದ? ಉಸಿರಿನಿಂದ. ಟ್ಯಾಂಕಿನ ಮುಚ್ಚಳದಲ್ಲಿ ಸೂಜಿಮೊನೆಯಷ್ಟು ತೂತಿರುತ್ತದೆ. ಹಗಲು ಬಿಸಿಲಿಗೆ ಒಳಗಿನ ಗಾಳಿ ಹಿಗ್ಗಿ ಹೊರಬೀಳುತ್ತದೆ, ರಾತ್ರಿ ತಂಪಿಗೆ ಕುಗ್ಗಿ ಹೊರಗಿನ ತೇವದ ಗಾಳಿಯನ್ನು ಎಳೆದುಕೊಳ್ಳುತ್ತದೆ. ಆ ತೇವ ಒಳಗೋಡೆಯ ಮೇಲೆ ಹನಿಗಟ್ಟಿ, ಪೆಟ್ರೋಲಿಗಿಂತ ಭಾರವಾದ್ದರಿಂದ ತಳಕ್ಕೆ ಇಳಿದು ಕೂರುತ್ತದೆ. ಅದಕ್ಕೇ ಟ್ಯಾಂಕುಗಳು ತೂತಾಗುವುದು ಹೆಚ್ಚಾಗಿ ತಳದಲ್ಲಿ. ನಿಲ್ಲಿಸಿಡುವ ಗಾಡಿಯ ಟ್ಯಾಂಕನ್ನು ಅರ್ಧ ಬಿಡಬಾರದು ಎನ್ನುವ ಹಳಬರ ಮಾತು ಸುಳ್ಳಲ್ಲ.

ಜಂಗು ಬಿಡಿಸಲು ಗಾಡಿ ರಿಪೇರಿಯ ಉಸ್ತಾದ್ ಹೇಳಿದ ಉಪಾಯ ಜಲ್ಲಿಕಲ್ಲು ಹಾಕಿ ಕುಲುಕುವುದು. ನಾನು ಬಟ್ಟೆ ಸೋಡಾದ ದಾರಿ ಹಿಡಿದೆ. ಮೊದಲು ಸೋಪಿನ ನೀರಿನಿಂದ ಐದಾರು ಸಲ ತೊಳೆದು ಪೆಟ್ರೋಲಿನ ವಾಸನೆ ಪೂರ್ತಿ ತೆಗೆದೆ. ಕೆಳಗಿನ ತೂತಿಗೆ ಬೆಣೆ ಹೊಡೆದು, ನಾಲ್ಕು ಲೀಟರ್ ನೀರಿಗೆ ದೊಡ್ಡ ಚಮಚ ಸೋಡಾ ಬೆರೆಸಿ ತುಂಬಿದೆ. ಸೆಂಟ್ರಿಂಗ್ ಸರಳಿನ ತುಂಡೊಂದನ್ನು ರಬ್ಬರ್ ಬಿರಡೆಗೆ ಸಿಕ್ಕಿಸಿ, ಟ್ಯಾಂಕಿಗೆ ತಗುಲದಂತೆ ಬಾಯಿಯಿಂದ ಇಳಿಬಿಟ್ಟೆ; ಗಾಳಿ ಆಡಲು ಬಿರಡೆಯ ಬದಿಯಲ್ಲಿ ಸಂದಿ ಬಿಟ್ಟೆ. ಹನ್ನೆರಡು ವೋಲ್ಟ್ ಬ್ಯಾಟರಿ ಚಾರ್ಜರಿನ ಧನ ತಂತಿ ಸರಳಿಗೆ, ಋಣ ತಂತಿ ಟ್ಯಾಂಕಿಗೆ. ಈ ತಂತಿಗಳು ಅದಲುಬದಲಾದರೆ ಜಂಗಿನ ಬದಲು ಟ್ಯಾಂಕೇ ಕರಗತೊಡಗುತ್ತದೆ.

ಸ್ವಿಚ್ ಹಾಕಿದ ಕೂಡಲೇ ಸಣ್ಣಗೆ ಸುಂಯ್ ಎಂದು ನೊರೆ ಏಳತೊಡಗಿತು. ಟ್ಯಾಂಕಿನ ಗೋಡೆಗೆ ಹರಿದು ಬರುವ ಎಲೆಕ್ಟ್ರಾನುಗಳು ನೀರನ್ನು ಒಡೆದು ಜಲಜನಕದ ಗುಳ್ಳೆ ಎಬ್ಬಿಸುತ್ತವೆ. ಜೊತೆಗೇ ಕೆಂಪು ಜಂಗಿನ ಒಂದಿಷ್ಟನ್ನು ಮ್ಯಾಗ್ನಟೈಟ್ ಎಂಬ ಕಪ್ಪು ಆಕ್ಸೈಡ್ ಆಗಿ ಬದಲಿಸುತ್ತವೆ. ಕೆಂಪು ಹೆಕ್ಕಳಿಕೆ ಬಿಗಿ ಕಳೆದುಕೊಂಡು ಕಪ್ಪು ಕೆಸರಾಗಿ ಉದುರುತ್ತದೆ, ಕೆಳಗಿನ ಒಳ್ಳೆಯ ಕಬ್ಬಿಣಕ್ಕೆ ಗೀರೂ ಬೀಳುವುದಿಲ್ಲ. ಜಲಜನಕ ಹೊತ್ತಿಕೊಳ್ಳುವ ಅನಿಲವಾದ್ದರಿಂದ ಈ ಕೆಲಸ ಬಯಲಿನಲ್ಲೇ ಆಗಬೇಕು. ಸರಳಿನ ಬದಲು ಸ್ಟೀಲ್ ಚಮಚ ಹಾಕುವ ಆಸೆ ನನಗೂ ಬಂದಿತ್ತು. ಹಾಕಬಾರದು; ಅದರೊಳಗಿನ ಕ್ರೋಮಿಯಂ ವಿಷದ ರೂಪದಲ್ಲಿ ನೀರಿಗೆ ಇಳಿಯಬಹುದು. ಅಡುಗೆ ಉಪ್ಪೂ ಬೇಡ, ಕ್ಲೋರಿನ್ ಏಳುತ್ತದೆ. ಸರಳಿನ ಎದುರಿಗಿದ್ದ ಗೋಡೆ ಬೇಗ ಬೆಳಗಿತು, ಮರೆಯ ಮೂಲೆಗಳು ಹಾಗೇ ಉಳಿದವು. ಸರಳನ್ನು ಮೂರು ಸಲ ಬಗ್ಗಿಸಿ, ಎರಡು ದಿನ ಕಾಯಬೇಕಾಯಿತು.

ಕೊನೆಗೆ ಒಳಗೋಡೆ ಬೂದುಬಣ್ಣಕ್ಕೆ ತಿರುಗಿತು. ತೊಳೆದು, ಒಣಗಲೆಂದು ರಾತ್ರಿಯಿಡೀ ಬೋರಲು ಹಾಕಿ ಮಲಗಿದೆ. ಬೆಳಿಗ್ಗೆ ನೋಡಿದರೆ ಒಳಗೆಲ್ಲ ಕಿತ್ತಳೆ ಬಣ್ಣ! ಉಸ್ತಾದ್ ನಗದೆ, “ಜಲ್ಲಿಕಲ್ಲು ಇನ್ನೂ ಇದೆ ಸರ್,” ಎಂದರು. ತಪ್ಪು ನನ್ನದೇ. ಹೊದಿಕೆ ಇಲ್ಲದ ಕಬ್ಬಿಣಕ್ಕೆ ತೇವ ತಗುಲಿದರೆ ಗಂಟೆಗಳೇ ಬೇಡ. ಮರುದಿನ ಮತ್ತೆ ಅದೇ ಪೂಜೆ. ಈ ಸಲ ತೊಳೆದ ತಕ್ಷಣ ಬಿಸಿಗಾಳಿ ಊದಿ ಒಣಗಿಸಿ, 2ಟಿ ಆಯಿಲ್ (ಎರಡು ಸ್ಟ್ರೋಕ್ ಎಂಜಿನ್ನಿನ ಎಣ್ಣೆ) ಹಾಕಿ ಸುತ್ತಲೂ ಹೊರಳಾಡಿಸಿದೆ.

ಆಕ್ಸೈಡ್ ಎಂದರೆಲ್ಲ ಶತ್ರುವೇನಲ್ಲ. ಅದೇ ಗಾಡಿಯ ಅಲ್ಯೂಮಿನಿಯಂ ಎಂಜಿನ್ ಕೇಸು ಇಪ್ಪತ್ತೆರಡು ವರ್ಷ ಅದೇ ಕೊಟ್ಟಿಗೆಯಲ್ಲಿ ಮಂಕಾಗಿತ್ತೇ ಹೊರತು ಸವೆದಿರಲಿಲ್ಲ. ಅದನ್ನು ಕಾದದ್ದು ತಲೆಗೂದಲಿನ ಹತ್ತು ಸಾವಿರದಲ್ಲೊಂದು ಪಾಲಿಗೂ ತೆಳುವಾದ ಆಕ್ಸೈಡ್ ಪದರ. ಕಬ್ಬಿಣದ ಜಂಗು ಹುಟ್ಟಿದಲ್ಲೇ ಉಬ್ಬಿ, ಬಿರಿದು, ನೀರಿಗೆ ದಾರಿ ಬಿಡುತ್ತದೆ. ಅಲ್ಯೂಮಿನಿಯಂನದು ಬಿಗಿಯಾಗಿ ಕಚ್ಚಿಕೊಂಡು ದಾರಿ ಮುಚ್ಚುತ್ತದೆ. ಇನ್ನು ನಮ್ಮ ಬಿದರಿ ಕುಶಲಕರ್ಮಿಗಳು ಲೋಹ ಕೆಡುವುದನ್ನೇ ಕಸುಬು ಮಾಡಿಕೊಂಡವರು. ಹೆಚ್ಚಿನ ಪಾಲು ಸತು, ಸ್ವಲ್ಪ ತಾಮ್ರ ಸೇರಿದ ಪಾತ್ರೆಯ ಮೇಲೆ ಕೋಟೆಯ ಹಳೆಯ ಮಣ್ಣು ಮತ್ತು ನವಸಾಗರದ ಬಿಸಿ ದ್ರಾವಣವನ್ನು ಹಚ್ಚಿ ಉಜ್ಜಿದರೆ ಮೈಯೆಲ್ಲ ಕಡುಗಪ್ಪು, ಕೂರಿಸಿದ ಬೆಳ್ಳಿ ಮಾತ್ರ ಬೆಳ್ಳಗೆ. ತಾಮ್ರವಿಲ್ಲದ ಬರೀ ಸತುವಿಗೆ ಆ ಕಪ್ಪು ಹಿಡಿಯುವುದಿಲ್ಲ.

ಟ್ಯಾಂಕಿನ ಕೆಲಸ ಮುಗಿದರೂ ಗಾಡಿ ಶುರುವಾಗಲಿಲ್ಲ. ಇಲ್ಲಿಯೂ ಕಳ್ಳ ಅದೇ ಆಕ್ಸೈಡ್. ಹಳೆಯ ಗಾಡಿಗಳಲ್ಲಿ ಕಿಡಿ ಹುಟ್ಟಿಸುವುದು ‘ಪಾಯಿಂಟ್’, ಅಂದರೆ ಮುಟ್ಟಿ ಬಿಡುವ ಎರಡು ಲೋಹದ ಮೊಳೆಗಳು. ಅವು ಬಿಟ್ಟ ಗಳಿಗೆಯಲ್ಲಿ ಕಾಯಿಲ್‌ನಲ್ಲಿ ಹರಿಯುತ್ತಿದ್ದ ವಿದ್ಯುತ್ತು ಥಟ್ಟನೆ ನಿಲ್ಲಬೇಕು. ಆಗಲೇ ಅದರ ಕಾಂತಕ್ಷೇತ್ರ ಕುಸಿದು, ಪ್ಲಗ್ಗಿನ ತುದಿಯಲ್ಲಿ ಹತ್ತು ಸಾವಿರ ವೋಲ್ಟಿಗೂ ಮೀರಿದ ಒತ್ತಡ ಏಳುವುದು. ನಮ್ಮ ಮೊಳೆಗಳ ಮೇಲೆ ಮಬ್ಬು ಪದರ ಕಟ್ಟಿ ವಿದ್ಯುತ್ತು ಹರಿಯುವುದಕ್ಕೇ ತಡೆಯಾಗಿತ್ತು. ಉಸ್ತಾದ್ ಸಣ್ಣ ಎಮರಿ ಕಾಗದವನ್ನು ನಡುವೆ ಸಿಕ್ಕಿಸಿ ನಾಲ್ಕು ಸಲ ಎಳೆದರು, ಆಮೇಲೆ ಬಿಳಿ ಕಾಗದದ ಚೂರಿನಿಂದ ಒರೆಸಿದರು. ಕಾಗದದ ಮೇಲೆ ಕಪ್ಪು ಗೆರೆ ಮೂಡಿತು. ಪ್ಲಗ್ ಬಿಚ್ಚಿ ಸಿಲಿಂಡರ್ ತಲೆಗೆ ಒರಗಿಸಿ ಕಿಕ್ ಹೊಡೆದರೆ, ಹೊತ್ತು ಮುಳುಗಿದ ಅಂಗಳದಲ್ಲಿ ಚಿಟಿಕೆಯಷ್ಟು ನೀಲಿ ಕಿಡಿ.

ಈಗಿನ ಪೆಟ್ರೋಲಿನಲ್ಲಿ ಹಳೆಯ ರಬ್ಬರನ್ನು ಕೆಡಿಸುವ ಎಥನಾಲ್ ಇರುವುದರಿಂದ ಹಳೆಯ ರಬ್ಬರ್ ಪೈಪು, ವಾಷರುಗಳನ್ನೂ ಬದಲಿಸಬೇಕಾಯಿತು. ಏಳನೆಯ ಕಿಕ್ಕಿಗೆ ಎಂಜಿನ್ ಕೆಮ್ಮಿತು, ಎಂಟಕ್ಕೆ ಹಿಡಿಯಿತು. ಟ್ಯಾಂಕಿನಲ್ಲಿ ಹೊರಳಾಡಿಸಿದ್ದ 2ಟಿ ಆಯಿಲೆಲ್ಲ ನೀಲಿ ಹೊಗೆಯಾಗಿ ಪಕ್ಕದ ಮನೆಯವರು ಒಣಹಾಕಿದ್ದ ಬಟ್ಟೆಗಳ ಕಡೆಗೆ ಹೋಯಿತು. ಮಾವ ಕಟ್ಟೆಯಿಂದ ಎದ್ದು ಬಂದು ಹ್ಯಾಂಡಲ್ ಹಿಡಿದರು. ಬ್ರೇಕ್ ಇನ್ನೂ ಕೂಡಿಸಿಲ್ಲ ಎಂದು ನಾನು ಕೂಗುತ್ತಲೇ ಇದ್ದೆ.